ಕೂತಾಕಿಗೆ ಒಂದು ಖೋ

ಮೊನ್ನೆ ಅಟ್ಟದ ಮೇಲಿಂದ ಹಳೆಯ ಹಿಟ್ಟಿನ ಡಬ್ಬಿ ಇಳಿಸಿದೆ. ಆಸೆಪಟ್ಟು ಇಳಿಸಿದ್ದಲ್ಲ. ದೀಪಾವಳಿ ಹತ್ತಿರ ಬಂತು, ಧೂಳು ಹೊಡೆಯಬೇಕು, ಶಾಲೆಯಿಂದ ಬಂದಮೇಲೆ ಕೈಕಾಲಲ್ಲಿ ಜೀವವೇ ಇರುವುದಿಲ್ಲ. ಆದರೂ ಮಾಡುವವರು ಬೇರೆ ಯಾರಿದ್ದಾರೆ? ಮುಚ್ಚಳ ಬಿಗಿದು ಕೂತಿತ್ತು. ಚಮಚದ ಹಿಡಿಕೆ ತೂರಿಸಿ ಮೀಟಿದೆ. ಒಳಗಿಂದ ಬಿಳಿಜೋಳದ ಹಿಟ್ಟಿನ ವಾಸನೆ ಬಂತು. ಮುಗ್ಗಲು ವಾಸನೆಯೇ, ಆದರೆ ಅದರ ಅಡಿಯಲ್ಲೆಲ್ಲೋ ಗಿರಣಿಯ ಬಿಸಿ ಇನ್ನೂ ಉಳಿದ ಹಾಗಿತ್ತು. ಕೆಲಸ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಗಿರಣಿ ಕಾಕು ನೆನಪಾದರು.

ನಾನು ಮದುವೆಯಾಗಿ ಬಸವಕಲ್ಯಾಣದ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾಕ್ಕೆ ಬಂದವಳು. ನಾವಿರುವ ಬಾಡಿಗೆ ಮನೆಗೂ ಅವರ ಗಿರಣಿಗೂ ನಡುವೆ ಒಂದೇ ಗೋಡೆ. ಬೆಳಗಿನಿಂದ ಸಂಜೆಯವರೆಗೆ ಆ ಗೋಡೆ ನಡುಗುತ್ತಿತ್ತು. ಮಾಂಡಣಿಯ ಹಲಗೆಯ ಮೇಲಿಟ್ಟ ತಾಟುಗಳು ತಮ್ಮಷ್ಟಕ್ಕೆ ತಾವು ಗುಣುಗುತ್ತಿದ್ದವು. ಬಂದ ಹೊಸದರಲ್ಲಿ ತಲೆ ಕೆಟ್ಟು ಹೋಗಿತ್ತು. ಆಮೇಲೆ ಗಿರಣಿ ನಿಂತರೇ ಏನೋ ಕಳೆದುಕೊಂಡಂತೆ ಆಗತೊಡಗಿತು... ನಾನು ನಿಲಂಗಾ ರಸ್ತೆಯ ಒಂದು ಶಾಲೆಯಲ್ಲಿ ತಾಸಿನ ಮೇಲೆ ಪಾಠ ಮಾಡುವ ಟೀಚರು. ಈ ವರ್ಷ ಕಾಯಂ ಆಗುತ್ತದೆ, ಬರುವ ವರ್ಷ ಖಂಡಿತ ಆಗುತ್ತದೆ ಎಂದು ಹೇಳುತ್ತಿದ್ದರು, ಈಗಲೂ ಹೇಳುತ್ತಿದ್ದಾರೆ. ಸಂಜೆ ಎಸ್‌ಟಿ ಬಸ್ಸು ಇಳಿದು ಬರುವಾಗ ನನಗೆ ಮನೆಗಿಂತ ಮೊದಲು ಗಿರಣಿ ಸಿಗುತ್ತಿತ್ತು. ಅಲ್ಲೇ ಹೋಗಿ ಕೂರುತ್ತಿದ್ದೆ. ಮನೆಗೆ ಹೋದರೆ ಒಲೆ ಹಚ್ಚಬೇಕಲ್ಲ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ. ವಲಾಂಡಿ ಎಂಬ ಊರಿನ ಮಗಳು. ಗಂಡ ತೀರಿಹೋದ ಮೇಲೆ ಗಿರಣಿಯನ್ನು ತಾವೇ ನಡೆಸುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲವೂ ಹಿಟ್ಟಿನಿಂದ ಬೆಳ್ಳಗೆ. ಬೀಸಲು ತಂದ ಡಬ್ಬಿಗಳು ಗೋಡೆಗುಂಟ ಸಾಲಾಗಿ ಕೂತಿರುತ್ತಿದ್ದವು. ಒಂದರ ಪಾಳಿ ಬಂತೆಂದರೆ ಕಾಕು ಅಂಗೈಯಿಂದ ಅದರ ಮುಚ್ಚಳಕ್ಕೆ ಪಟ್ಟನೆ ಹೊಡೆದು "ಖೋ!" ಅನ್ನುತ್ತಿದ್ದರು. ಆಮೇಲೇ ಅದನ್ನು ಎತ್ತುತ್ತಿದ್ದದ್ದು. ಹೊಸಬರು ನಗುತ್ತಿದ್ದರು, ಹಳಬರಿಗೆ ರೂಢಿಯಾಗಿತ್ತು.

ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನವರು ಬೆಂಚಿನ ಮೇಲೆ ಮುಳ್ಳುಗೂದಲಿನ ಗೊಂಬೆಗಳನ್ನು ಬರೆಯುತ್ತಿದ್ದರು. ಇವು ಯಾರಪ್ಪಾ ಎಂದು ಕೇಳಿದ್ದೇ ತಡ, ಜಪಾನಿನ ಆಟದ ಕಾರ್ಟೂನುಗಳ ಪುರಾಣವನ್ನೇ ಬಿಚ್ಚಿದರು. ಬಸ್ಸಿನಲ್ಲಿ ಹೊತ್ತು ಹೋಗಲೆಂದು ಒಂದನ್ನು ಶುರು ಮಾಡಿದೆ. ಒಂದು ಸಾದಾ ಶಾಲೆ, ಅಲ್ಲಿನ ಹುಡುಗಿಯರ ವಾಲಿಬಾಲ್ ತಂಡ, ಯಾರೂ ಲೆಕ್ಕಕ್ಕಿಡದ ತಂಡ. ಒಂದು ಸಂಜೆ ಗಿರಣಿಯ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಾಗ ಕಾಕು ಹೆಗಲ ಮೇಲಿಂದ ಬಗ್ಗಿದರು.

"ಅಗ ಬಾಯಿ! ಸಾಲಿ ಕಲಿಸಾಕಿ ಕುಂತು ಕಾರ್ಟೂನ್ ನೋಡ್ಲಾಕತ್ತಿದಿ?"

ನಮ್ಮ ಕಡೆ ಟೀಚರನ್ನು ಬಾಯಿ ಅನ್ನುತ್ತಾರೆ. ಅವರು ಅದನ್ನು ನನ್ನ ಹೆಸರೇ ಮಾಡಿಕೊಂಡಿದ್ದರು. ಅಷ್ಟು ಬೈದವರು ಮರುದಿನ ತಾವೇ ಗೋಡೆಗೆ ಮೊಳೆ ಹೊಡೆದು, ಹಿಟ್ಟು ಕೂರದಂತೆ ನನ್ನ ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ತೂಗುಹಾಕಿದರು. ಹೀಗೆ ನಡೆಯಿತು ನಮ್ಮ ಸಂಜೆಯ ಕಾರ್ಟೂನು.

ಗಿರಣಿಯ ಸದ್ದಿನಲ್ಲಿ ಮೊಬೈಲಿನ ಒಂದು ಚೂರು ಧ್ವನಿಯೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಅದು ಜಪಾನಿ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ನಾನು ಅವರ ಕಿವಿಯಲ್ಲಿ ಕಿರುಚಿ ಹೇಳುತ್ತಿದ್ದೆ. ಸ್ವಲ್ಪ ದಿನ ಸಹಿಸಿಕೊಂಡರು. ಆಮೇಲೆ ಒಮ್ಮೆ, "ಓದಬ್ಯಾಡ ಮಾರಾಯ್ತಿ, ಕಿವಿ ಹರೀತದ. ನನಗ ಎಲ್ಲಾ ತಿಳೀತದ" ಅಂದುಬಿಟ್ಟರು.

ತಿಳಿಯದೆ ಏನು? ಆ ಕಥೆಗಳೆಲ್ಲ ಒಂದೇ ಅಚ್ಚಿನವು. ತಂಡ ಮೊದಲು ಹೀನಾಯವಾಗಿ ಸೋಲಲೇಬೇಕು. ಬೇಸಿಗೆಯಲ್ಲಿ ಎಲ್ಲರೂ ಒಂದು ಕಡೆ ಉಳಿದು, ಬೆವರು ಸುರಿಸಿ, ಒಂದು ಹೊಸ ಪಟ್ಟು ಕಲಿಯಲೇಬೇಕು. ಮಾತೇ ಆಡದ ಕೋಚು ಕೊನೆಗೆ ಒಂದೇ ಮಾತಾಡಬೇಕು, ಆ ಮಾತಿಗೆ ಎಲ್ಲರೂ ಅಳಬೇಕು. ಎದುರಾಳಿಯನ್ನು ದ್ವೇಷಿಸೋಣವೆಂದರೆ ಅಷ್ಟರಲ್ಲಿ ಅವಳ ಕಷ್ಟವನ್ನೂ ತೋರಿಸಿಬಿಡುತ್ತಾರೆ. ಇನ್ನು ಚೆಂಡು ಮೇಲೆ ಹೋಯಿತೆಂದರೆ ಕೆಳಗೆ ಬರುವುದು ಅಷ್ಟು ಸುಲಭವಲ್ಲ; ಹೊಡೆಯುವವಳಿಗೆ ಅಲ್ಲೇ ಗಾಳಿಯಲ್ಲಿ ಇಡೀ ಬಾಲ್ಯ ನೆನಪಾಗಬೇಕು.

"ಚೆಂಡ್ ಮ್ಯಾಲ ಹೋಯ್ತು. ಈಗ ಆಕಿಗಿ ಅವ್ವ ನೆನಪಾಗ್ತಾಳ. ನೀ ನೋಡ್ತಿರು, ನಾ ಗೋದಿ ಹಾಕಿ ಬರ್ತೀನಿ" ಎಂದು ಕಾಕು ಎದ್ದು ಹೋಗುತ್ತಿದ್ದರು. ಗೋದಿ ಸುರಿದು, ಚೀಲ ಕಟ್ಟಿ, ಯಾರದೋ ಸೊಸೆಯ ಜೊತೆ ಜಗಳವಾಡಿ ಬಂದು, "ಇನ್ನಾ ಮ್ಯಾಲೇ ಅದೇನು?" ಅನ್ನುತ್ತಿದ್ದರು. ಇರುತ್ತಿತ್ತು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಗೊತ್ತಿದ್ದದ್ದೇ ಆಗುತ್ತದೆ ಎಂಬುದರಲ್ಲಿ ದಣಿದವರಿಗೆ ಒಂದು ನೆಮ್ಮದಿ ಇರುತ್ತದೆ. ಶಾಲೆಯಲ್ಲಿ ನಾಳೆ ಏನು ಎಂದು ನನಗೆ ಗೊತ್ತಿರಲಿಲ್ಲ. ಕಾಕುವಿಗೆ ಈ ಚಳಿಗಾಲ ತಮ್ಮ ಉಸಿರು ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಹಿಟ್ಟಿನ ಧೂಳು ಕುಡಿದೂ ಕುಡಿದೂ ಅವರಿಗೆ ದಮ್ಮು ಹತ್ತಿತ್ತು. ಡಾಕ್ಟರು ಗಿರಣಿ ಬಿಡಿ ಎಂದಿದ್ದರು. ಕಾಕು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರು, ಅಷ್ಟೇ. ದಮ್ಮಿನ ಔಷಧಿ ಎಳೆದುಕೊಳ್ಳುವ ಪಂಪು ಯಾವಾಗಲೂ ಸೊಂಟದ ಚೀಲದಲ್ಲಿರುತ್ತಿತ್ತು.

ಆ ಕಾರ್ಟೂನಿನಲ್ಲಿ ಬೆಂಚಿನ ಮೇಲೆ ಕೂತೇ ಇರುವ ಒಬ್ಬ ಹುಡುಗಿಯಿದ್ದಳು. ಗಿಡ್ಡ ಕೂದಲು, ಮಂಡಿಗೆ ಪಟ್ಟಿ, ಮಡಿಲಲ್ಲಿ ಎಲ್ಲರ ಟವೆಲು. ಕಾಕು ಅವಳಿಗೆ "ಕೂತಾಕಿ" ಎಂದು ಹೆಸರಿಟ್ಟಿದ್ದರು. ಹೀರೋಯಿನ್ ಹಾರಿ ಹಾರಿ ಹೊಡೆಯುತ್ತಿದ್ದರೆ ಇವರ ಕಣ್ಣು ಮೂಲೆಯಲ್ಲಿದ್ದ ಆ ಕೂತಾಕಿಯ ಮೇಲೆ. ತಂಡದ ಕೋಚು ಒಬ್ಬ ಮುದುಕಿ. ಅವಳು ಕೂತಾಕಿಯ ಸೋದರತ್ತೆ ಎಂದು ಕಾಕು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದರು.

"ಅತ್ತಿ ಅಲ್ಲರೀ ಕಾಕು, ಬರೇ ಕೋಚ್ ಇದ್ದಾಳ. ಆ ಹುಡುಗಿಗಿ ಮಂಡಿ ನೋವದ, ಅದಕ್ಕ ಕೂಡಿಸ್ಯಾರ" ಎಂದು ನಾನು ಹೇಳಿ ನೋಡಿದೆ.

"ನಿನಗೇನ್ ತಿಳೀತದ? ತಮ್ಮ ಮನಿ ಹುಡುಗಿ ಅಂತೇ ಕೂಡಿಸ್ಯಾಳ. ಎಬ್ಬಿಸಿದ್ರ ಮಂದಿ ಏನರೇ ಅಂತಾರ. ಮನಿಯಾಕಿ ಕಡೀಗಿ ಉಣಬೇಕು, ಕಡೀಗಿ ಆಡಬೇಕು. ನೋಡ್ತಿರು, ಕಡೀ ಮ್ಯಾಚಿನಾಗ ಆಕಿನೇ ಏಳ್ತಾಳ. ಏಳಲೇಬೇಕು."

ಮಾತು ಕೇಳಿಸದೆ ನೋಡಿದರೆ ಕಥೆಯೊಳಗೆ ನಮ್ಮ ನಮ್ಮ ಮನೆಯವರೇ ಬಂದು ಕೂರುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ. ಕರೆಂಟು ಹೋಗಿ ಗಿರಣಿ ಸುಮ್ಮನಾದ ಒಂದು ಸಂಜೆ ಕಾಕು ತಾವಾಗಿಯೇ ಹೇಳಿದರು. ಶಾಲೆಯಲ್ಲಿದ್ದಾಗ ಅವರು ಖೋಖೋ ತಂಡದಲ್ಲಿದ್ದರು. ಆಟ ಕಲಿಸುವ ಮೇಷ್ಟ್ರು ಅವರ ಸ್ವಂತ ಸೋದರಮಾವ. ಉದಗೀರದಲ್ಲಿ ಫೈನಲ್. ಖೋಖೋದಲ್ಲಿ ಸಾಲಾಗಿ ಕೂತವರು ತಾವಾಗಿ ಏಳುವ ಹಾಗಿಲ್ಲ. ಓಡುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಅಂದರೇ ಏಳಬೇಕು. ತನ್ನ ಸೋದರಸೊಸೆಯನ್ನೇ ಮುಂದೆ ಮಾಡಿದ ಎಂದು ಊರವರು ಆಡಿಕೊಳ್ಳಬಾರದೆಂದು ಮಾವ ಉಳಿದ ಹುಡುಗಿಯರ ಕಿವಿಯಲ್ಲಿ ಹೇಳಿದ್ದನಂತೆ, ಅವಳಿಗೆ ಖೋ ಕೊಡಬೇಡಿ ಎಂದು.

"ನನಗೇನ್ ಗೊತ್ತು? ನಾ ಕಾಯ್ಕೋತ ಕುಂತೀನಿ. ಹಿಂದ ಕಾಲಿನ ಆವಾಜ್ ಬರ್ತದ, ಈಗ ಬಿತ್ತು ಕೈ ಅಂತೀನಿ, ದಾಟಿ ಹೋಗ್ತದ. ಮತ್ತ ಬರ್ತದ, ಮತ್ತ ಹೋಗ್ತದ... ಬೆನ್ನು ಉರೀತಿತ್ತು ಬಾಯಿ, ಖರೇ ಹೇಳ್ತೀನಿ, ಬೆಂಕಿ ಇಟ್ಟಂಗ ಉರೀತಿತ್ತು."

"ಸೋತ್ರೇನು?"

"ಎಲ್ಲಿ ಸೋಲೂದು, ಗೆದ್ದೇವಿ! ಕುಂತಲ್ಲೇ ಗೆದ್ದೀನಿ ನಾ." ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಈ ಜಪಾನಿ ಮಂದಿ ಶಾಣ್ಯಾರು ನೋಡು. ಕೂತವ್ರ ಮಾರೀನೂ ತೋರಿಸ್ತಾರ" ಎಂದರು.

ಆ ವರ್ಷದ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಯೆಣೆಗೂರ ಹತ್ತಿರದ ತಮ್ಮ ಹೊಲಕ್ಕೆ ನನ್ನನ್ನೂ ಕರೆದರು. ನಮ್ಮ ಕಡೆ ಎಳ್ಳಮಾಸಿ ಅಂದರೆ ಊರಿಗೆ ಊರೇ ಖಾಲಿ. ಅಂಗಡಿ ಬಂದ್, ಎಲ್ಲರೂ ಹೊಲದಲ್ಲಿ. ಗಿರಣಿಗೆ ರಜೆ ಸಿಗುತ್ತಿದ್ದದ್ದೂ ಅದೊಂದೇ ದಿನ. ಅದರ ಹಿಂದಿನ ದಿನಗಳಲ್ಲಂತೂ ಸಜ್ಜೆ, ಜೋಳ, ಕಡಲೆಬೇಳೆ ಎಂದು ಡಬ್ಬಿಗಳ ಸಾಲು ಬೀದಿಗೆ ಬಂದಿತ್ತು, ಕಾಕು ಪೂರ್ತಿ ಸೋತುಹೋಗಿದ್ದರು. ಕಾಳು ತರಕಾರಿಯ ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಅಂಬಲಿ ಕುಡಿದು ಗಂಡಸರು ಮರದ ನೆರಳಲ್ಲಿ ಅಡ್ಡಾದರು. ಹೆಂಗಸರು ಕಣದಲ್ಲಿ ಖೋಖೋಕ್ಕೆ ಇಳಿದರು. ಒಂದು ಕಡೆ ಬನ್ನಿ ಮರ, ಇನ್ನೊಂದು ಕಡೆ ಟ್ರ್ಯಾಕ್ಟರಿನ ಟ್ರಾಲಿ, ಅವೇ ಕಂಬ. ಕಾಕು ಸೆರಗು ಬಿಗಿದು, ಯಾರನ್ನೂ ಕೇಳದೆ, ಸಾಲಿನಲ್ಲಿ ಹೋಗಿ ಕೂತರು. ಅವರ ಸೊಸೆ, "ಅತ್ತಿ, ದಮ್ಮು ಬರ್ತದ, ಏಳ್ರಿ" ಅಂದಳು. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಟ ನಡೆಯಿತು. ಯಾರೂ ಅವರಿಗೆ ಖೋ ಕೊಡಲಿಲ್ಲ. ಕೇಡಿಗೆ ಅಲ್ಲ, ಪ್ರೀತಿಗೇ. ಪಾಪ, ಉಸಿರಿನ ರೋಗಿ, ಹುರುಪಿಗೆ ಕೂತಿದ್ದಾರೆ, ಕೂತಿರಲಿ ಬಿಡು ಎಂದು. ಬಲಕ್ಕೆ ಕೂತವಳಿಗೆ ಕೊಟ್ಟರು, ಎಡಕ್ಕೆ ಕೂತವಳಿಗೆ ಕೊಟ್ಟರು, ಅವರನ್ನು ದಾಟಿದರು. ಅಷ್ಟರಲ್ಲಿ ಅದೇ ಸಾಲಿನಲ್ಲಿ ಕೂತಿದ್ದ ನನ್ನ ಬೆನ್ನಿಗೆ ಕೈ ಬಿತ್ತು. ಎದ್ದು ಓಡಿದೆ. ಮುಂದೆ ಕಾಕುವಿನ ಬೆನ್ನು. ಹಸಿರು ಸೀರೆ, ಬಾಗಿದ ಕತ್ತು, ಎರಡೂ ಭುಜ ಮೇಲೆದ್ದು ಬಿಗಿದುಕೊಂಡಿದ್ದವು. ಹಿಂದೆ ಬರುವ ಕಾಲಿನ ಸದ್ದು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಆಚೆ ಬದುವಿನ ಮೇಲಿಂದ ಸೊಸೆ ಬೇಡ ಬೇಡ ಎಂದು ಕೈ ಬೀಸುತ್ತಿದ್ದಳು. ಸುಳ್ಳೇಕೆ, ನನಗೂ ಹೆದರಿಕೆಯಾಯಿತು. ಇವರಿಗೆ ಏನಾದರೂ ಆದರೆ?

ಕೈ ಎತ್ತಿ ಆ ಬೆನ್ನಿಗೆ ಹೊಡೆದೆ. "ಖೋ!"

ಕಾಕು ಎದ್ದರು. ಓಡಿದರು. ಕಾರ್ಟೂನಿನ ಹಾಗೆ ಏನೂ ಆಗಲಿಲ್ಲ. ಕಾಲ ನಿಲ್ಲಲಿಲ್ಲ, ಅವರು ಯಾರನ್ನೂ ಹಿಡಿಯಲೂ ಇಲ್ಲ. ಎದುರಿಗಿದ್ದ ಹುಡುಗಿ ಜಿಂಕೆಯಂತೆ ತಪ್ಪಿಸಿಕೊಂಡಳು. ಕಾಕು ಬನ್ನಿ ಮರವನ್ನು ಸುತ್ತಿ ಈ ಕಡೆಯಿಂದ ಬಂದು, ಕೂತಿದ್ದ ಒಬ್ಬಳ ಬೆನ್ನಿಗೆ ಎಂಥ ಪೆಟ್ಟು ಕೊಟ್ಟರೆಂದರೆ ಅವಳು "ಅಯ್ಯಯ್ಯೋ ಸತ್ತೆ" ಎಂದು ಕೂಗಿ ಎದ್ದಳು. ಆ ಜಾಗದಲ್ಲೇ ಕಾಕು ಕುಸಿದು ಕೂತರು. ಎದೆ ಸಿಳ್ಳೆ ಹೊಡೆಯುತ್ತಿತ್ತು. ಪಂಪು ಬಾಯಿಗೆ ಹಿಡಿದೆ. ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಮೊಣಕೈ ಬಿಗಿಯಾಗಿ ಹಿಡಿದರು.

"ಬಸ್, ಬಾಯಿ, ಸಾಕು. ಇಷ್ಟೇ ಬೇಕಿತ್ತು. ಬಸ್."

ಅವರ ಸೊಸೆ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು. ಮುಂದಿನ ಮಳೆಗಾಲದಲ್ಲಿ ಉಸಿರು ತೀರಾ ಕಟ್ಟಿ, ಲಾತೂರಿನ ದವಾಖಾನೆಗೆ ಒಯ್ದ ಕಾಕು ತಿರುಗಿ ಬರಲಿಲ್ಲ. ಶ್ವಾಸಕೋಶ ಎಂದೋ ಸವೆದಿತ್ತು ಎಂದರಂತೆ ಡಾಕ್ಟರು. ಆದರೂ ಓಣಿಯಲ್ಲಿ ಒಬ್ಬಿಬ್ಬರು ಎಳ್ಳಮಾಸಿಯ ಓಟದ ಮಾತು ತೆಗೆದರು. ತೆಗೆಯಲಿ. ನನಗೆ ಅದರ ಬಗ್ಗೆ ಚೂರೂ ಪಶ್ಚಾತ್ತಾಪವಿಲ್ಲ. ಅವತ್ತು ದಾಟಿ ಹೋಗಿದ್ದರೆ ಇರುತ್ತಿತ್ತು.

ಒಂದು ಬಾಕಿ ಉಳಿದಿತ್ತು. ಆ ಕಾರ್ಟೂನಿನ ಕೊನೆಯ ಮ್ಯಾಚನ್ನು ನಾವು ನೋಡಿರಲಿಲ್ಲ. "ಅದೊಂದು ಗಿರಣಿ ಬಂದ್ ಇಟ್ಟು ನೋಡಮು, ಆವಾಜ್ ಕೇಳ್ಕೋತ. ಕೂತಾಕಿ ಏಳಾಗ ಏನಂತಾಳೋ ಕೇಳಬೇಕು ನನಗ" ಎಂದು ಕಾಕು ತಡೆದಿದ್ದರು. ಇವತ್ತು ನಾಳೆ ಎನ್ನುತ್ತ ಹಾಗೇ ಉಳಿಯಿತು... ಅವರು ಹೋದಮೇಲೆ ಒಬ್ಬಳೇ ನೋಡುವ ಮನಸ್ಸಾಗಲಿಲ್ಲ. ಗಿರಣಿಯನ್ನು ಮಗ ಸ್ವಲ್ಪ ದಿನ ನಡೆಸಿ ಮುಚ್ಚಿದ. ಈಗ ಅಲ್ಲಿ ಸಿಮೆಂಟಿನ ಚೀಲ ತುಂಬಿಟ್ಟಿದ್ದಾರೆ. ನಮ್ಮನೆಯವರು ಪಾಕೀಟಿನ ಹಿಟ್ಟು ತರುತ್ತಾರೆ. ರೊಟ್ಟಿ ಬಡಿದರೆ ಅಂಚು ಸೀಳುತ್ತದೆ, ವಾಸನೆಯಂತೂ ಇಲ್ಲವೇ ಇಲ್ಲ.

ಮೊನ್ನೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಕಸಬರಿಗೆ ಅಲ್ಲೇ ಬಿಟ್ಟು, ಮೊಬೈಲು ತೆಗೆದೆ. ಕೊನೆಯ ಮ್ಯಾಚು. ಮೊದಲ ಬಾರಿಗೆ ಎಲ್ಲವೂ ಕೇಳಿಸಿತು: ಬೂಟು ನೆಲಕ್ಕೆ ಕಿರ್ ಎನ್ನುವುದು, ಚೆಂಡಿನ ಏಟು, ಮುದುಕಿ ಕೋಚಿನ ಒಡಕು ದನಿ. ಚೆಂಡು ಮೇಲೆ ಹೋಯಿತು, ಹೊಡೆಯುವವಳಿಗೆ ಬಾಲ್ಯ ನೆನಪಾಯಿತು. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರಿದ್ದಾರೆ? ತಂಡ ಸೋತಿತು. ಎಲ್ಲರೂ ಅತ್ತರು, ಬರುವ ವರ್ಷ ಬರೋಣ ಎಂದರು. ಕೂತಾಕಿ ಎಲ್ಲರಿಗೂ ಟವೆಲು ಹಂಚಿದಳು. ಅವಳನ್ನು ಯಾರೂ ಎಬ್ಬಿಸಲೇ ಇಲ್ಲ. ಅವಳು ಒಂದು ಮಾತನ್ನೂ ಆಡಲಿಲ್ಲ.

ನನಗೆ ಎಷ್ಟು ಸಿಟ್ಟು ಬಂತೆಂದರೆ! ಕಾಕು ಇದನ್ನು ನೋಡದೆ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಮರುಗಳಿಗೆಗೆ ಅಳು ಬಂತು. ಯಾಕೆಂದರೆ ಇದನ್ನು ಓಡಿಹೋಗಿ ಹೇಳಬೇಕಾದ ಮನುಷ್ಯರು ಅವರೊಬ್ಬರೇ ಇದ್ದರು. ಗೋಡೆ ಸುಮ್ಮನಿತ್ತು. ತಾಟುಗಳೂ ಸುಮ್ಮನಿದ್ದವು. ಆ ಗೋಡೆಯ ಕಡೆ ತಿರುಗಿ, ಅವರ ಕಿವಿಯಲ್ಲಿ ಕಿರುಚುತ್ತಿದ್ದ ಹಾಗಲ್ಲದೆ, ಮೆಲ್ಲಗೆ ಹೇಳಿದೆ.

"ಆಕಿ ಏಳಲಿಲ್ಲರೀ ಕಾಕು. ನೀವು ಎದ್ರಿ."