ಅರಿಶಿನ ಹಚ್ಚಿದ ಮೀನು

ಅವತ್ತು ರಾತ್ರಿ ನನ್ನ ಮಗಳು ಉಂಡಳು! ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಉಂಡಳು, ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಇದನ್ನು ಮೊದಲು ಹೇಳದೆ ಬೇರೇನನ್ನೂ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ನಾನು ಸಾಲೆ ಕಲಿತದ್ದು ಅಷ್ಟಕ್ಕಷ್ಟೆ. ಅಕ್ಷರ ಸೊಟ್ಟಗಿದ್ದರೆ ಇರಲಿ. ಇಷ್ಟು ವರ್ಷವಾದರೂ ಆ ಬಟ್ಟಲು ನೆನಪಾದರೆ ನನಗೆ ಕುಣಿಯಬೇಕು ಅನಿಸುತ್ತದೆ.

ಅದು ಅದಿರಿನ ಲಾರಿಗಳು ಹಗಲು ರಾತ್ರಿ ಎನ್ನದೆ ಓಡುತ್ತಿದ್ದ ಕಾಲ. ಬಳ್ಳಾರಿಯಲ್ಲಿ ಬಿಳಿ ಬಟ್ಟೆ ಒಣಗಲು ಹಾಕಿದರೆ ಇಟ್ಟಿಗೆ ಬಣ್ಣವಾಗಿ ಕೈಗೆ ಬರುತ್ತಿತ್ತು. ಕುರುಗೋಡಿನ ನನ್ನ ಅಳಿಯನೂ ಅಂಥದೊಂದು ಲಾರಿಯ ಡ್ರೈವರ್. ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಕೂಸು ದಿನ ತುಂಬುವ ಮೊದಲೇ ಹುಟ್ಟಿತು, ಪಾರಿವಾಳದ ಮರಿಯಷ್ಟೇ ಇತ್ತು. ಬಾಟಲಿ ಹಾಲು ಕುಡಿಸಿದರೆ ಮೂಗಿನಿಂದ ಬರುತ್ತಿತ್ತು. ತಾಯಿಗೆ ಹಾಲಿಲ್ಲ, ಯಾಕೆಂದರೆ ಅವಳು ಊಟ ಬಿಟ್ಟಿದ್ದಳು. "ತಾಯಿ ಉಣ್ಣದಿದ್ದರೆ ಕೂಸು ಉಳಿಯೋದು ಕಷ್ಟ," ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದ್ದರು. ಏನು ಮಾಡಿ ಇಟ್ಟರೂ ಮಗಳು ಗೋಡೆ ಕಡೆ ಹೊರಳಿ ಮಲಗುತ್ತಿದ್ದಳು.

ನಮ್ಮ ಮನೆಯವರು ಗಾದಿ ಹೊಲಿಯುವವರು. ಊರಿನ ಕೂಸುಗಳಿಗೆಲ್ಲ ಹೊಲಿದ ಕೈ ಅದು. ಮೊಮ್ಮಗಳಿಗೂ ಅರಳೆ ತುಂಬಿ ಅಂಗೈಯಗಲದ ಗಾದಿ ಹೊಲಿದಿದ್ದರು. ಆದರೆ ಹಾಸಲು ಧೈರ್ಯ ಬರಲಿಲ್ಲ. ಸುಮ್ಮನೆ ಅಟ್ಟದ ಮೇಲೆ ಇಟ್ಟರು.

ಒಂದು ದಿನ ಮಗಳು ಗೋಡೆಗೆ ಹೇಳಿದ ಹಾಗೆ ಹೇಳಿದಳು: "ಹೊಳಿ ಮೀನಿನ ಸಾರಾದ್ರ ನೋಡ್ತೀನಿ. ಕೆರಿದಲ್ಲ. ಹೊಳಿದು."

ಸಿರುಗುಪ್ಪದಾಚೆ ಹೊಳೆ ದಂಡೆಯಲ್ಲಿ ನಮ್ಮ ಮನೆಯವರ ಹಳೆಯ ಗೆಳೆಯನೊಬ್ಬನಿದ್ದ, ಅಂಬಿಗ. ಮಗಳು ಚಿಕ್ಕವಳಿದ್ದಾಗ ಚಳಿಗಾಲದಲ್ಲಿ ಹೊಳೆ ಇಳಿದು ಮಡುಗಳಾದರೆ ನಾವೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು, ಕೊರಮೀನು ಹಿಡಿಯಲು. ಅದೇ ರುಚಿ ಅವಳ ನಾಲಿಗೆಗೆ ಬಂದಿತ್ತು. ಮಗಳನ್ನೂ ಕೂಸನ್ನೂ ನನ್ನ ತಂಗಿಯ ಕೈಗೆ ಒಪ್ಪಿಸಿ ಮರುದಿನ ನಸುಕಿಗೇ ನಾವಿಬ್ಬರೂ ಬಸ್ ಹತ್ತಿದೆವು. ಅಳಿಯ ಲಾರಿ ಬಿಟ್ಟು ಕುರುಗೋಡಿನಿಂದ ಬೈಕಿನಲ್ಲಿ ಬಂದ.

"ಈಗ ನೆನಪಾತೇನು ಗಾದಿ ಸಾಹೇಬ್ರಿಗೆ?" ಎಂದು ಅಂಬಿಗ ನಗುತ್ತಲೇ ಎದುರು ಬಂದ. "ನಾ ಸತ್ತಮ್ಯಾಲೆ ಬರಬೇಕಂತ ಮಾಡಿದ್ದೇನ್ಲೇ?" ವಿಷಯ ಕೇಳಿದ ಮೇಲೆ ಅವನ ನಗು ಹೋಯಿತು. ಬಲೆ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ನಮ್ಮ ಮಡು ಅಲ್ಲಿರಲೇ ಇಲ್ಲ. ಮರಳಿನ ಟ್ರ್ಯಾಕ್ಟರುಗಳು ಬಗೆದು ಬಿಟ್ಟ ಗುಂಡಿಗಳಲ್ಲಿ ಎಣ್ಣೆ ತೇಲುತ್ತಿತ್ತು. ಬಂಡೆಯ ಬುಡದಲ್ಲಿ ಒಂದೇ ಮಡು ಉಳಿದಿತ್ತು. ಬಲೆ ಬೀಸಿದರೆ ಪಾಚಿ ಬಂತು, ಮತ್ತೆ ಬೀಸಿದರೆ ಹರಿದ ಚಪ್ಪಲಿ. "ಚಳಿಗೆ ಕೆಸರಾಗ ಹೋಗಿ ಮಲಗ್ತಾವ," ಅಂದ ಅಂಬಿಗ. ಅಳಿಯ ಬಂಡೆ ಮೇಲೆ ಕೂತು ಕೆಮ್ಮುತ್ತಿದ್ದ, ಅವನ ಕರವಸ್ತ್ರವೂ ಕೆಂಪು ಧೂಳಿನದೇ. ಅವನ ಮೊಬೈಲು ಗುಣುಗಿದಾಗೆಲ್ಲ ಮನೆಯಿಂದ ಏನು ಸುದ್ದಿಯೋ ಎಂದು ಹೆದರಿ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬುತ್ತಿ ಗಂಟನ್ನು ಯಾರೂ ಬಿಚ್ಚಲಿಲ್ಲ. ಹೊತ್ತು ಇಳಿಯಿತು. ಕೂಸು ಉಳಿಯುವುದಿಲ್ಲ ಎಂದು ನನ್ನ ಮನಸ್ಸು ಆಗಲೇ ಒಪ್ಪಿಕೊಂಡಿತ್ತು.

ಆಗ ಬಲೆ ಭಾರವಾಯಿತು. ಮೊಣಕೈ ಉದ್ದದ ಕರಿ ಕೊರಮೀನು! ನಾನು ಕೂಗಿಯೇಬಿಟ್ಟೆ. ಆದರೆ ಅಂಬಿಗ ಅದನ್ನು ನಾವು ತಂದಿದ್ದ ಕೊಡಕ್ಕೆ ಹಾಕಲಿಲ್ಲ. ಸೊಂಟದ ಚೀಲದಿಂದ ಅರಿಶಿನ ತೆಗೆದ. ಆಗ ನನಗೆ ನೆನಪಾಯಿತು, ದಿನದ ಮೊದಲ ಮೀನು ಹೊಳೆಯದು. ತಲೆಗೆ ಅರಿಶಿನ ಹಚ್ಚಿ ಬಿಡಬೇಕು.

"ಕಾಕಾ, ಬಿಡಬ್ಯಾಡ್ರಿ, ಇದೊಂದೇ ಸಿಕ್ಕೈತಿ," ಅಂದ ಅಳಿಯ, ಅಳುವ ದನಿಯಲ್ಲಿ.

"ನಿನ್ನ ಲಾರಿಗೆ ಬ್ರೇಕ್ ಹೆಂಗೋ ನಮ್ಮ ಬಲೆಗೆ ಇದು ಹಂಗ. ತಪ್ಪಿಸಾಕ ಬರಲ್ಲಪ್ಪ," ಎಂದು ಅಂಬಿಗ ನಮ್ಮ ಮನೆಯವರ ಕಡೆ ನೋಡಿದ. ಅವರು ಬಿಡು ಎಂದು ತಲೆಯಾಡಿಸಿದರು. ಗೆಳೆಯನ ಮನೆತನದ ನೇಮ ಮುರಿಸಲು ಅವರಿಗೆ ಬಾಯಿ ಬರಲಿಲ್ಲ. ಮೀನು ನೀರಿಗೆ ಬಿತ್ತು. ಅದರ ಜೊತೆ ನನ್ನ ಜೀವವೂ ಬಿತ್ತು.

"ಇನ್ನೊಂದು ಸಲ ಬೀಸ್ತೀನಿ, ಆಮ್ಯಾಲೆ ಕತ್ಲಾಕ್ಕೈತಿ," ಅಂದ. ಬೀಸಿದ, ಎಳೆದ. ಬಲೆ ಮತ್ತೆ ಭಾರವಾಗಿತ್ತು. ಒಳಗೆ ಅದೇ ಮೀನು, ತಲೆ ಮೇಲೆ ಇನ್ನೂ ಅರಿಶಿನ! ಚಳಿಗೆ ಮರಗಟ್ಟಿ ಬಿಟ್ಟಲ್ಲೇ ನಿಂತಿತ್ತು, ಪಾಪ.

ಅಂಬಿಗ ಹೌಹಾರಿದ. "ಇದನ್ನ ಏನ್ ಮಾಡ್ಲಿ? ಕೊಟ್ಟದ್ದನ್ನ ತಿರುಗಿ ತಗೊಂಡಂಗ ಆತಲ್ಲ!"

"ನಿನಗ ಎಣಿಸಾಕ ಬರ್ತೈತೋ ಇಲ್ಲೋ?" ಎಂದು ಅವನ ಹೆಂಡತಿ ಸೆರಗು ಸಿಕ್ಕಿಸಿ ನೀರಿಗಿಳಿದಳು. "ಆಗ ಬಂದಿದ್ದು ಮೊದಲನೇದು, ಬಿಟ್ಟಿ. ಈಗ ಬಂದಿದ್ದು ಎರಡನೇದು."

"ಅದೇ ಮೀನಲ್ಲೇನ?"

"ಇದ್ರ ಇರ್ಲಿ! ಹೊಳೆವ್ವ ತಾನಾಗಿ ಬಾಣಂತಿಗೆ ಕೊಡು ಅಂತ ತಿರುಗಿ ಕಳಿಸ್ಯಾಳ. ನಡುವ ನಿಂದೇನು ತಕರಾರು?"

ಅಂಬಿಗ ಹೊಳೆಗೆ ಕೈಮುಗಿದ. ಆಮೇಲೆ ಮೀನನ್ನು ತಾನೇ ನೀರು ತುಂಬಿದ ಕೊಡಕ್ಕೆ ಬಿಟ್ಟು ನನ್ನ ಮಡಿಲಲ್ಲಿಟ್ಟ. ಬೈಕಿನ ಹಿಂದೆ ಕೂತು ಅದನ್ನು ಅಪ್ಪಿಕೊಂಡು ಬಳ್ಳಾರಿ ಮುಟ್ಟಿದೆ, ನಮ್ಮ ಮನೆಯವರು ಬಸ್ಸಿನಲ್ಲಿ ಬಂದರು. ದಾರಿಯುದ್ದಕ್ಕೂ ಮೀನು ಕೊಡಕ್ಕೆ ಬಾಲ ಬಡಿಯುತ್ತಿತ್ತು. ಬಡಿದಾಗೆಲ್ಲ ನನಗೆ ಸಮಾಧಾನ.

ಮಗಳು ಕೊಡದೊಳಗೆ ಇಣುಕಿದಳು. "ಇದರ ತಲಿಗೆ ಯಾರಮ್ಮ ಅರಿಶಿನ ಹಚ್ಚಿದ್ದು?" ಅಳಿಯ ಕಥೆ ಹೇಳಿದ, ಅಂಬಿಗನ ಹೆಂಡತಿ ಸೆರಗು ಸಿಕ್ಕಿಸಿದ್ದನ್ನೂ ಎದ್ದು ಮಾಡಿ ತೋರಿಸಿದ. ಮಗಳಿಗೆ ನಗು ಬಂತು. ಸಣ್ಣ ನಗು, ಕೆಮ್ಮಿನಂಥದು. ಆದರೆ ನಗು. ಗೋಡೆಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿ ಕೂತಳು.

ಹುಣಸೆ ಹಿಂಡಿ, ಖಾರ ಹಾಕಿ ಸಾರು ಮಾಡಿದೆ. ನಮ್ಮ ಮನೆಯವರು ಬಂದವರೇ ಕೈ ಕೂಡ ತೊಳೆಯದೆ ಅಟ್ಟ ಹತ್ತಿ ಪುಟ್ಟ ಗಾದಿ ಇಳಿಸಿದರು, ಧೂಳು ಕೊಡವಿ ನಮ್ಮ ನಡುವೆ ಹಾಸಿದರು. ಅದರ ಮೇಲೆ ಕೂಸು. ಸುತ್ತ ನಾವೆಲ್ಲ ತಾಟು ಹಿಡಿದು ಕೂತೆವು. ಮಗಳು ಒಂದು ತುತ್ತು ಬಾಯಿಗಿಟ್ಟಳು, ನಾವು ಉಸಿರು ಹಿಡಿದೆವು.

"ನನ್ನ ಬಾಯಿ ಏನ್ ನೋಡ್ತೀರಿ? ಉಣ್ರಿ," ಅಂದಳು. "ಅಮ್ಮಾ, ತಲಿ ನನಗ ಇಡು."

ಉಂಡೆವು.