ಏನೂ ಇಲ್ಲ ಅಂದ ತ್ರಿಶಲಕ್ಕ

ತ್ರಿಶಲಕ್ಕನ ಮೈಮೇಲೆ ಒಂದು ಪಿನ್ನೂ ಇರುತ್ತಿರಲಿಲ್ಲ. ನಮ್ಮ ಬೇಡಕಿಹಾಳದ ಹೆಂಗಸರ ಬಳೆಗೆ, ತಾಳಿಗೆ ಸೇಫ್ಟಿಪಿನ್ನುಗಳ ಗೊಂಚಲೇ ಜೋತಾಡುತ್ತಿರುತ್ತದೆ. ಇವಳೋ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಭಾಯಿಸುತ್ತಿದ್ದಳು. "ಇಷ್ಟ ಕಲತಾಳ, ಒಂದ ಪಿನ್ನಿಗೆ ಗತಿ ಇಲ್ಲ ನೋಡ" ಎಂದು ನನ್ನ ಅತ್ತೆ ನಗುತ್ತಿದ್ದರು. ಅವಳು ಪಕ್ಕದ ಮನೆಯ ಮಗಳು, ಬೆಳಗಾವಿಯಲ್ಲಿ ಸಂಶೋಧಕಿ. ಮನಸ್ಸು ಕುಸಿದವರ ಮೆದುಳು ಹೇಗೆ ಕೆಲಸ ಮಾಡುತ್ತದೆಂದು ಸ್ಕ್ಯಾನ್ ತೆಗೆದು ಹುಡುಕುವುದು ಅವಳ ಕೆಲಸ. ಆ ಯಂತ್ರವೇ ದೊಡ್ಡ ಅಯಸ್ಕಾಂತವಂತೆ. "ಕಬ್ಬಿಣ ಕಂಡ್ರ ಸಾಕ ಕಾಕು, ಹಸದ ಎಮ್ಮಿ ಮೇವ ಕಂಡಂಗ ಜಗ್ಗತೈತಿ" ಎಂದು ನನ್ನ ಅತ್ತೆಯನ್ನು ಚಿಕ್ಕಮ್ಮನ ಸಲಿಗೆಯಲ್ಲಿ ಕರೆದು ಅವಳೂ ನಗುತ್ತಿದ್ದಳು.

ಆಗ ನನಗೆ ಎದ್ದು ತಲೆ ಬಾಚಿಕೊಳ್ಳುವುದೂ ಬೇಡವಾಗಿತ್ತು. ನಿಪ್ಪಾಣಿಯ ಡಾಕ್ಟರು ಖಿನ್ನತೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಮನೆಯಲ್ಲಿ ಅದಕ್ಕೆ ಮೈಗಳ್ಳತನ ಎಂದು ಹೆಸರು. ತ್ರಿಶಲಕ್ಕ ರಜೆಗೆ ಬಂದರೆ ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ. "ಇವತ್ತ ಎಷ್ಟ ಭಾರ ಐತಿ ತಂಗಿ?" ಎನ್ನುತ್ತಿದ್ದಳು. ಅದಕ್ಕಾದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಅವಳ ಸಂಶೋಧನೆಗೆಂದು ನಾನೂ ಬೆಳಗಾವಿಗೆ ಹೋದೆ. ಯಂತ್ರದ ಬಾಗಿಲಲ್ಲಿ ನನ್ನ ಪಿನ್ನುಗಳನ್ನೆಲ್ಲ ತಾನೇ ಬಿಚ್ಚಿ ಬಟ್ಟಲಿಗೆ ಹಾಕಿದಳು. "ಒಳಗ ಗಿರಣಿ ಸುರು ಆದಂಗ ಆಗ್ತೈತಿ, ಅಂಜಬ್ಯಾಡ. ನಿನ್ನ ಒಬ್ಬಾಕಿ ಚಿತ್ರ ನೋಡಿ ನಿನ್ನ ದುಃಖ ಹೇಳಾಕ ಯಾರಿಗೂ ಬರೂದಿಲ್ಲ. ಭಾಳ ಮಂದಿದು ಕೂಡಿಸಿ ನೋಡಿದ್ರ ಒಂದೀಟ ಗೊತ್ತಾಗತೈತಿ" ಎಂದಳು.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದಾಗ ಅತ್ತೆ ನೇರವಾಗಿ ಕೇಳಿಬಿಟ್ಟರು: "ನಮ್ಮ ಸೊಸಿ ತಲ್ಯಾಗ ಏನರ ಸಿಕ್ಕತೇನ?"

ತ್ರಿಶಲಕ್ಕ, ಸ್ಕ್ಯಾನಿಗೆ ಬನ್ನಿ ಎಂದು ತಾನೇ ಕರೆದಿದ್ದ ಆ ಹೆಂಗಸರನ್ನು ನೋಡಿದಳು. "ಏನೂ ಇಲ್ಲ ಕಾಕು. ಎಲ್ಲಾ ಚಲೋ ಐತಿ" ಎಂದಳು.

ಆ ಮಾತು ಬಸದಿಯವರೆಗೂ ಹೋಯಿತು. "ಮಷಿನ್ನದಾಗ ಏನೂ ಇಲ್ಲಂತ ಬಂದೈತಿ. ಇನ್ನ ಗುಳಗಿ ಯಾಕ? ನಾಟಕ ಸಾಕ" ಎಂದರು ಅತ್ತೆ. ಗಂಡ ಗುಳಿಗೆ ತರುವುದನ್ನು ಬಿಟ್ಟರು. ನಾಟಕವೇ ಇದ್ದೀತೇ ಎಂದು ನನಗೂ ಅನುಮಾನ ಹುಟ್ಟಿತು. ಆಮೇಲೆ ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ನನ್ನ ಅಣ್ಣ ಬಂದು ಮಿರಜಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ.

ತಿರುಗಿ ಬಂದಾಗ ದಶಲಕ್ಷಣ ಪರ್ವ ಮುಗಿದು ಕ್ಷಮೆ ಬೇಡುವ ದಿನ. ನಮ್ಮ ಜೈನರ ಓಣಿಯಲ್ಲಿ ಅವತ್ತು ಎಲ್ಲರೂ ಎಲ್ಲರಿಗೂ ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಬದುವಿನ ಜಗಳದವರೂ ಅನ್ನುತ್ತಾರೆ, ಮರುದಿನ ಮತ್ತೆ ಬದುವಿಗೆ ಹೋಗಿ ಬಡಿದಾಡುತ್ತಾರೆ. ತ್ರಿಶಲಕ್ಕ ನಮ್ಮ ಪಡಸಾಲೆಗೆ ಬಂದು ಕೈ ಮುಗಿದು ನಿಂತಳು.

"ತಿಳೀದ ಆದ ತಪ್ಪಲ್ಲ ತಂಗಿ, ತಿಳದ ಮಾಡೀನಿ. ಚಿತ್ರದಾಗ ಕಾಣಲಿಲ್ಲ ಅಂದ್ರ ಬ್ಯಾನಿ ಇಲ್ಲಂತಲ್ಲ. ಅದು ನನಗ ಗೊತ್ತಿತ್ತು. ಕಟ್ಟಿ ಮ್ಯಾಲಿನ ಹೆಣ್ಮಕ್ಕಳು ಅಂಜಿದ್ರ ಯಾರೂ ಸ್ಕ್ಯಾನಿಗೆ ಬರೂದಿಲ್ಲಂತ ಏನೂ ಇಲ್ಲ ಅಂದ್ನಿ. ನನ್ನ ಕೆಲಸದ ಸಲುವಾಗಿ ನಿನ್ನ ಸಂಕಟ ಮುಚ್ಚಿದ್ನಿ."

ಅತ್ತೆ ಎದ್ದು ನಿಂತರು. "ಅಂದ್ರ ಈಕಿ ನಾಟಕ ಮಾಡಾಕತ್ತಿದ್ದಿಲ್ಲೇನ?"

"ಇಲ್ಲ ಕಾಕು. ಒಂದ ದಿನಾನೂ ಇಲ್ಲ."

ಕ್ಷಮಿಸಿದೆ ಎನ್ನುವುದು ಪದ್ಧತಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇವತ್ತ ನನ್ನ ಕಡೆ ಆಗೂದಿಲ್ಲ ಅಕ್ಕಾ" ಎಂದೆ.

"ಬ್ಯಾಡ. ಪದ್ಧತಿ ಅಂತ ಅನಬ್ಯಾಡ" ಎಂದು ಅವಳು ತಲೆತಗ್ಗಿಸಿ ಹೋದಳು. ಅದೇ ಕೊನೆ. ಮುಂದೆ ಪುಣೆಯ ಕಡೆ ಕೆಲಸ ಹಿಡಿದಳಂತೆ. ಈ ಕಡೆ ಬರುವುದನ್ನೇ ಬಿಟ್ಟಿದ್ದಾಳೆ.

ಮರುದಿನ ಮುಂಜಾನೆ ಅತ್ತೆ ಚಹಾದ ಜೊತೆ ಗುಳಿಗೆ ತಂದಿಟ್ಟು, ನಾನು ನುಂಗುವವರೆಗೂ ಎದುರಿಗೇ ಕುಳಿತಿದ್ದರು. ಇವತ್ತಿಗೂ ಹಾಗೇ. ಓಣಿಯಲ್ಲಿ ಯಾರಾದರೂ ನನ್ನದು ನಾಟಕ ಎಂದರೆ ಅವರೇ ಜಗಳಕ್ಕೆ ಹೋಗುತ್ತಾರೆ. ಆ ದಿನ ತ್ರಿಶಲಕ್ಕ ತನ್ನ ಮಾನ ಹೋದರೂ ಸರಿ ಎಂದು ಮಾತಾಡದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಇದು ಅವಳಿಗೆ ಗೊತ್ತಿಲ್ಲ. ನನ್ನ ಸಿಟ್ಟು ಯಾವಾಗಲೋ ಇಳಿದಿದೆ, ಅದೂ ಗೊತ್ತಿಲ್ಲ. ಅವಳ ನಂಬರು ಫೋನಿನಲ್ಲಿದೆ. ಹಚ್ಚಿದರೆ, ಇಷ್ಟು ಕಾಲ ಅವಳನ್ನು ತಪ್ಪಿನ ಭಾರದಲ್ಲೇ ಬಿಟ್ಟಿದ್ದಕ್ಕೆ ಮೊದಲು ನಾನೇ ಕ್ಷಮೆ ಕೇಳಬೇಕು. ಆ ಮಾತು ನನ್ನ ಬಾಯಿಗೆ ಇನ್ನೂ ಬಂದಿಲ್ಲ.