ಕಿಟಕಿ ಕಟ್ಟೆಯ ಮೇಲೆ ಬಿಚ್ಚಿಟ್ಟದ್ದು

ಅಥವಾ ಅವತ್ತು ಅಣ್ಣ ತೊಟ್ಟಿದ್ದ ಶರ್ಟು ಬಿಳಿಯದೇ ಆಗಿರಲಿಲ್ಲವೇನೋ. ಇಷ್ಟು ದಿನ ಎಲ್ಲರಿಗೂ ಬಿಳಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹಳೇ ಫೋನಿನಲ್ಲಿ ಅವತ್ತಿನ ಒಂದು ಫೋಟೋ ಸಿಕ್ಕಿತು. ಅದರಲ್ಲಿ ತೆಳು ನೀಲಿ ಕಾಣುತ್ತದೆ. ಆ ಫೋಟೋವನ್ನೂ ಪೂರ್ತಿ ನಂಬಲಾರೆ. ಇಸ್ತ್ರಿಯ ಗೆರೆ ಮಾತ್ರ ನೆನಪಿನಲ್ಲೂ ಫೋಟೋದಲ್ಲೂ ಒಂದೇ. ಭುಜದಿಂದ ಮುಂಗೈವರೆಗೆ, ಸ್ಕೇಲ್ ಇಟ್ಟು ಎಳೆದ ಹಾಗೆ.

ಅವರು ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಹಿರಿಯ ಟರ್ನರ್, ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವವರು. ಲೇತಿನಿಂದ ಇಳಿದ ಪೀಸುಗಳ ಅಳತೆ ನೋಡುವುದು ನನ್ನ ಕೆಲಸ. ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರ ಮೈಮೇಲೆ ಒಂದು ಶರ್ಟು, ಒಂದು ಪ್ಯಾಂಟು, ಒಂದು ವಾಚು. ಜೇಬಿನಲ್ಲಿ ಪೆನ್ನೂ ಇಲ್ಲ. ನನಗೋ ಕುತ್ತಿಗೆಗೆ ಚೈನು, ಬಲಗೈಗೆ ಬ್ರೇಸ್‌ಲೆಟ್, ಎರಡು ಉಂಗುರ, ಹೂವಿನ ಶರ್ಟು ಎಲ್ಲ ಬೇಕು. "ಬಂತಪ್ಪಾ ನಮ್ಮ ಉತ್ಸವಮೂರ್ತಿ" ಅನ್ನೋರು ಅಣ್ಣ.

ಲೇತ್ ಆನ್ ಮಾಡುವ ಮೊದಲು ಮೈಮೇಲಿನ ಲೋಹವೆಲ್ಲ ಬಿಚ್ಚಿ ಕಿಟಕಿ ಕಟ್ಟೆಯ ಮೇಲಿಡಬೇಕು, ತೋಳು ಮಡಿಸಬೇಕು. ನಮ್ಮಲ್ಲಿ ಇದು ರೂಢಿ. ತಿರುಗುವ ಯಂತ್ರ ಚೈನು ಹಿಡಿದರೆ ಕುತ್ತಿಗೆಯನ್ನೂ ಬಿಡುವುದಿಲ್ಲ. ಅಣ್ಣನಿಗೆ ಆ ರೂಢಿ ಮೈಯೊಳಗೇ ಇಳಿದುಹೋಗಿತ್ತು. "ಮಿಕ್ಸಿ ಹಾಕೋಕೂ ವಾಚ್ ಬಿಚ್ಚಿಡ್ತಾರೆ ಕಣಪ್ಪ ಇವ್ರು" ಎಂದು ಅವರ ಹೆಂಡತಿ ನಗುತ್ತಿದ್ದರು.

ಅಣ್ಣನ ಮಗಳೂ ಹತ್ತಿರದ ಮಾಕಳಿ ಊರಿನ ಒಬ್ಬ ಹುಡುಗನೂ ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದರು. ಹುಡುಗನ ತಂದೆ ಬೇಸಾಯದ ಮನೆತನದವರು, ಈಗ ಸಾಲು ಬಾಡಿಗೆ ಮನೆಗಳ ಯಜಮಾನರು. ಮನೆ ಹಿಂದೆ ರಾಗಿ ಬೀಸುವ ಮಿಲ್ಲೂ ಇತ್ತು. ಅವರಿನ್ನೂ ಒಪ್ಪಿರಲಿಲ್ಲ. "ಬೀಗರು ಅಂದ್ರೆ ನಾಲ್ಕು ಜನ ನೋಡೋ ಅಂಗಿರ್ಬೇಕು" ಎಂದಿದ್ದರಂತೆ. ಕೊನೆಗೆ ಮಾತಾಡಲು ಬರಹೇಳಿದರು. ಅಣ್ಣ ನನ್ನನ್ನೂ ಜೊತೆಗೆ ಕರೆದರು.

"ಅಣ್ಣ, ಇವತ್ತೊಂದಿನ ನಂದು ಹಾಕ್ಕೊಳ್ಳಿ" ಎಂದು ಚೈನು, ಬ್ರೇಸ್‌ಲೆಟ್ ಬಿಚ್ಚಿದೆ.

"ನಾನೇನು ಮದುವೆ ಗಂಡೇನೋ?"

"ಮಗಳಿಗೋಸ್ಕರ."

ಆ ಮಾತಿಗೆ ಅಣ್ಣ ಕೈ ಚಾಚಿದರು. ಅವರ ಕೈಯಲ್ಲಿ ನನ್ನ ಬ್ರೇಸ್‌ಲೆಟ್ ಆಸ್ಪತ್ರೆಯವರು ಕಟ್ಟಿದ ಪಟ್ಟಿಯ ಹಾಗೆ ಕಂಡಿತು.

ಮಾಕಳಿಯ ಮನೆಯಲ್ಲಿ ಯಜಮಾನರದು ರೇಷ್ಮೆ ಶರ್ಟು, ಹಗ್ಗದಂಥ ಚೈನು, ಐದು ಉಂಗುರ. ಮಾತಿಗಿಂತ ಹೆಚ್ಚಾಗಿ ಅಣ್ಣನ ಕೈಯನ್ನೇ ನೋಡುತ್ತಿದ್ದರು. ಕಾಫಿ ಮುಗಿಯಿತು, ಒಪ್ಪಿಗೆಯಿಲ್ಲದೆ ಮಾತೂ ಮುಗಿಯಿತು. ಆಗ ಅಣ್ಣ ತಲೆಯೆತ್ತಿ, "ನಿಮ್ಮ ಮಿಲ್ಲಿನ ಬೇರಿಂಗು ಸದ್ದು ಮಾಡ್ತಿದೆಯಲ್ಲ" ಎಂದರು.

"ಅದು ಯಾವಾಗ್ಲೂ ಅಂಗೇಯ ಸಾಮಿ."

"ಒಂದ್ಸಲ ನೋಡ್ಲಾ?"

ಹಿಂದಕ್ಕೆ ಹೋದೆವು. ಮಿಲ್ಲು ಓಡುತ್ತಿತ್ತು. ಬೇರಿಂಗು ತೋರಿಸಲು ಯಜಮಾನರು ಓಡುವ ಬೆಲ್ಟಿನ ಮೇಲೆ ಬಾಗಿದರು, ಚೈನು ಜೋತಾಡಿತು.

"ತಡೀರಿ ಯಜಮಾನ್ರೇ."

ಅಣ್ಣ ಬ್ರೇಸ್‌ಲೆಟ್ ಬಿಚ್ಚಿದರು, ಚೈನು ಬಿಚ್ಚಿದರು, ವಾಚು ಬಿಚ್ಚಿದರು. ಕಿಟಕಿ ಕಟ್ಟೆಯ ಮೇಲಿಟ್ಟು ತೋಳು ಮಡಿಸಿದರು. ಆಮೇಲೆ ಯಜಮಾನರನ್ನೇ ನೋಡುತ್ತ ನಿಂತರು.

"ನಂದೂ ಬಿಚ್ಬೇಕಾ?"

"ಬೆಲ್ಟಿಗೆ ಯಜಮಾನ್ರು ಯಾರು ಅಂತ ಗೊತ್ತಾಗಲ್ಲ."

ಬಾಗಿಲಲ್ಲಿದ್ದ ಯಜಮಾನರ ಹೆಂಡತಿ, "ಸ್ನಾನಕ್ಕೂ ಬಿಚ್ದೋರಲ್ಲ, ಇವತ್ತೇನು ಗ್ರಹಣವಾ?" ಎಂದರು. ಚೈನು ಬಂತು, ಒಂದೊಂದಾಗಿ ಉಂಗುರಗಳು ಬಂದವು. ಕೊನೆಯದು ಬರಲಿಲ್ಲ. ಅಣ್ಣ ಎಣ್ಣೆ ಸವರಿ, ಹಟ ಹಿಡಿದ ನಟ್ಟನ್ನು ಬಿಡಿಸುವ ತಾಳ್ಮೆಯಲ್ಲಿ ತಿರುಗಿಸಿ ತೆಗೆದರು. ಆ ಬೆರಳುಗಳಲ್ಲಿ ಬಿಸಿಲು ಕಾಣದ ಬೆಳ್ಳನೆ ಪಟ್ಟಿಗಳು ಉಳಿದವು. ಜಡ್ಡುಗಟ್ಟಿದ ಅಂಗೈ ನೋಡಿ, ಹಿಂದೊಮ್ಮೆ ಹೊಲ ಉತ್ತಿದ್ದ ಕೈ ಅದು ಎಂದು ಆಗ ಗೊತ್ತಾಯಿತು.

ಅಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಒಳಗಿನ ಸದ್ದು ಆಲಿಸುತ್ತ ಕಣ್ಣು ಮುಚ್ಚಿದರು. ಶರ್ಟಿನ ಮೇಲೆ ರಾಗಿ ಹಿಟ್ಟು ಇಳಿಯುತ್ತಿತ್ತು. ಅಷ್ಟು ಚೆನ್ನಾಗಿ ಬಟ್ಟೆ ತೊಟ್ಟ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನನ್ನ ಹೂವಿನ ಶರ್ಟಿನ ತೋಳು ನಾನೂ ಮಡಿಸಿಕೊಂಡೆ.

"ಸವೆದಿದೆ. ಹೊಸದು ನಾನೇ ತಂದು ಹಾಕ್ತೀನಿ" ಎಂದು ಅಣ್ಣ ವಾಚಷ್ಟೇ ತೆಗೆದುಕೊಂಡು ಹೊರಟರು.

"ಬೀಗರೇ, ಒಡವೆ ಬಿಟ್ಟೋಯ್ತಾ ಇದೀರಲ್ಲ!"

ಯಜಮಾನರು ಬೀಗರೇ ಎಂದದ್ದು ಎಲ್ಲರಿಗೂ ಕೇಳಿಸಿತು. ಅಣ್ಣ ತಿರುಗಿ ನನ್ನತ್ತ ಕೈ ತೋರಿಸಿದರು. "ನಂದು ವಾಚಷ್ಟೇ. ಅದೆಲ್ಲ ಇವನದು."

ಸಂಬಂಧ ಕೆಟ್ಟಿತು ಅಂದುಕೊಂಡೆ. ಯಜಮಾನರು ಎಣ್ಣೆ ಮೆತ್ತಿದ ತಮ್ಮ ಬೆರಳನ್ನೊಮ್ಮೆ ನೋಡಿಕೊಂಡು ಜೋರಾಗಿ ನಕ್ಕರು. "ಬೇರಿಂಗು ಯಾವತ್ತು ತತ್ತೀರಾ ಅಂತ ಏಳಿ. ಅವತ್ತೇ ಮದ್ವೆ ತಾರೀಕೂ ಗೊತ್ತು ಮಾಡಣ."

ಮದುವೆಯಾಯಿತು. ಮದುವೆಯಲ್ಲಿ ಯಜಮಾನರು ಮತ್ತೆ ಐದೂ ಉಂಗುರ ತೊಟ್ಟಿದ್ದರು, ಅಣ್ಣನದು ಅದೇ ಶರ್ಟು. ಇಲ್ಲ, ಅದೇ ಎಂದು ಹೇಗೆ ಹೇಳಲಿ.

ಪೀಣ್ಯದ ಯಂತ್ರಗಳ ನಡುವೆ ಇಷ್ಟು ವರ್ಷ ಪಳಗಿದ ಕಿವಿ ನನ್ನದೂ. ಆ ದಿನ ಮಿಲ್ಲಿನ ಸದ್ದಿನಲ್ಲಿ ನನಗೆ ಯಾವ ದೋಷವೂ ಕೇಳಿಸಿರಲಿಲ್ಲ. ಹೊಸ ಬೇರಿಂಗು ಹಾಕಿದ ಮೇಲೂ ಸದ್ದು ಹಾಗೇ ಇತ್ತು. ಅಣ್ಣನನ್ನು ಕೇಳಬಹುದು, ಕೇಳಿಲ್ಲ. ಬೇರಿಂಗು ನಿಜವಾಗಿ ಸವೆದಿತ್ತೋ, ಮೈಮೇಲಿನ ಒಡವೆ ಬಿಚ್ಚಿಡಲು ಅಣ್ಣನಿಗೆ ಒಂದು ಯಂತ್ರದ ನೆಪ ಬೇಕಿತ್ತೋ, ನನಗೆ ಗೊತ್ತಿಲ್ಲ.